ಅತ್ತೆಯ ಹಾಡಿಗೊಂದು ಪುಟ

ಯಾವ ಹಾಡಿಗೆ ಎಂಥ ವಿಡಿಯೋ ಹೊಂದುತ್ತದೆ ಎಂದು ಬರೆದಿಡಲು ನನ್ನ ಬಳಿ ಒಂದು ನೋಟ್‌ಬುಕ್ ಇದೆ. ರ‍್ಯಾಪ್ ಆದರೆ ಬೋಗಾದಿಯ ಅರ್ಧ ಕಟ್ಟಿದ ಮನೆ, ಕಂಬಿ, ಇಟ್ಟಿಗೆ ರಾಶಿ. ಪ್ರೇಮಗೀತೆಯಾದರೆ ಶ್ರೀರಾಂಪುರದ ಖಾಲಿ ಸೈಟುಗಳ ನಡುವಿನ ರಸ್ತೆ, ಇಳಿಬಿಸಿಲು, ಒಂದು ಸ್ಕೂಟರ್. ದೇವರನಾಮವಾದರೆ ರೇಷ್ಮೆ ಸೀರೆ, ದೀಪ, ತೆಳ್ಳಗೆ ಏಳುವ ಹೊಗೆ. ಇಷ್ಟು ಗೀಚಿಕೊಂಡು ದೊಡ್ಡ ಪಂಡಿತನಂತೆ ಮೆರೆಯುತ್ತಿದ್ದೆ.

ಹೋದ ವರ್ಷ ಲಕ್ಷ್ಮೀಪುರಂನ ಸೋದರತ್ತೆ ಕಾಫಿ ಕೊಡುತ್ತಾ, ಲೋಟದ ಕಡೆಗೇ ನೋಡಿಕೊಂಡು ಕೇಳಿದರು: “ಊರೋರಿಗೆಲ್ಲ ವಿಡಿಯೋ ಮಾಡ್ಕೊಡ್ತೀಯಲ್ಲೋ, ನಂದೂ ಒಂದು ಹಾಡು ಹಿಡ್ಕೊಡ್ತೀಯಾ? ಗಂಟಲು ಇನ್ನೂ ನೆಟ್ಟಗಿದೆ. ಮುಂದಿನ ವರ್ಷ ಹೆಂಗೋ ಏನೋ.”

ಅವರು ಯಾರ ಮುಂದೆಯೂ ಕೂತು ಹಾಡಿದವರಲ್ಲ. ಹಾಡೆಲ್ಲ ಒಲೆಯ ಮುಂದೆಯೇ, ಅದೇ ಅವರ ಗಡಿಯಾರ. ಸಜ್ಜಿಗೆಗೆ ರವೆ ಹುರಿಯಲು ಮೂರು ಚರಣದ ಒಂದು ದೇವರನಾಮ. ಮೂರನೆಯ ಚರಣ ಮುಗಿಯುತ್ತಲೇ ಒಲೆ ಆರಬೇಕು. ಆ ಲೆಕ್ಕ ತಪ್ಪಿದ್ದನ್ನು ನಾನು ಕಂಡಿರಲಿಲ್ಲ.

ಆದರೂ ನಾನು ನೋಟ್‌ಬುಕ್ ನಂಬಿದೆ. ರೇಷ್ಮೆ ಸೀರೆ ಉಟ್ಟು ಬರಲು ಹೇಳಿ ಅತ್ತೆಯನ್ನು ದೇವರಮನೆಯ ಮುಂದೆ ಕೂರಿಸಿದೆ. ನನ್ನ ವಿಡಿಯೋಗಳನ್ನೆಲ್ಲ ಚಿತ್ರೀಕರಿಸುವ ಗೆಳೆಯ ಕ್ಯಾಮೆರಾ ಹಿಡಿದ. ನಾನು ಧೂಪ ಹಾಕಿದೆ, ಅತ್ತೆಗೆ ಕೆಮ್ಮು ಹತ್ತಿತು. ಕೆಮ್ಮು ನಿಂತರೂ ದನಿ ಏಳಲಿಲ್ಲ. ನಾಲ್ಕು ಸಲ ಪಲ್ಲವಿಯಲ್ಲೇ ಮುಗ್ಗರಿಸಿದರು.

“ಬಿಟ್ಬುಡೋ, ನಂಗ್ಯಾಕೆ ಇವೆಲ್ಲ,” ಎಂದು ಎದ್ದರು. ಕಣ್ಣು ತುಂಬಿತ್ತು. ನನ್ನ ಪಾಂಡಿತ್ಯದ ಮೇಲೆ ನನಗೇ ಸಿಟ್ಟು ಬಂತು.

“ವಿಡಿಯೋ ಹಾಳಾಗಿ ಹೋಗ್ಲಿ ಅತ್ತೆ. ಹಸಿವಾಗ್ತಿದೆ, ಸಜ್ಜಿಗೆ ಮಾಡ್ಕೊಡಿ,” ಎಂದೆ.

ಅವರು ಹಳೇ ಹತ್ತಿ ಸೀರೆ ಉಟ್ಟುಕೊಂಡು ಬಂದು ಬಾಣಲೆ ಇಟ್ಟರು. ಗೆಳೆಯ ಕ್ಯಾಮೆರಾ ಎತ್ತಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತ. ಅತ್ತೆ ಒಮ್ಮೆ ಅವನತ್ತ ನೋಡಿದರು, ಬೇಡ ಎನ್ನಲಿಲ್ಲ. ತುಪ್ಪಕ್ಕೆ ರವೆ ಬಿದ್ದದ್ದೇ ತಡ, ದನಿ ತಾನಾಗಿ ಎದ್ದಿತು. ಸೌಟು ಆಡುತ್ತಿತ್ತು, ಹಾಡು ನಡೆಯುತ್ತಿತ್ತು. ನನಗೆ ಖುಷಿಯಿಂದ ಮೈ ಜುಮ್ಮೆಂದಿತು.

ಮೂರನೆಯ ಚರಣ ಬಂತು. ಅತ್ತೆ ಮುಗಿಸಲಿಲ್ಲ. ಅದೇ ಸಾಲನ್ನು ಮತ್ತೆ ಹಾಡಿದರು, ಇನ್ನೊಂದು ಥರ, ಮತ್ತೊಂದು ಥರ. ಸೌಟು ನಿಂತಿತ್ತು. ಕಣ್ಣು ಮುಚ್ಚಿತ್ತು. ಬಾಣಲೆಯ ಅಂಚಿನಲ್ಲಿ ರವೆ ಕಪ್ಪಾಗುವುದು ನನಗೆ ಕಾಣುತ್ತಿತ್ತು. ಕೂಗಬೇಕೆಂದು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ತೆಳ್ಳಗೆ ಹೊಗೆ ಎದ್ದಿತು. ನೋಟ್‌ಬುಕ್ಕಿನಲ್ಲಿ ಬರೆದಿದ್ದಂಥದ್ದೇ ಹೊಗೆ!

ಹಾಡು ಮುಗಿದ ಮೇಲೆ ಅವರಿಗೆ ವಾಸನೆ ಬಡಿಯಿತು.

“ಅಯ್ಯೋ, ರವೆ ಸೀದೋಯ್ತಲ್ಲೋ! ಬಾಯಿ ಬಿಟ್ಟು ಹೇಳ್ಬಾರ್ದಿತ್ತಾ?” ಎಂದು ಬಾಣಲೆ ಇಳಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ನಾವೂ ನಕ್ಕೆವು. ಅದೆಲ್ಲ ವಿಡಿಯೋದಲ್ಲಿ ಹಾಗೇ ಇದೆ, ಒಂದನ್ನೂ ಕತ್ತರಿಸಲಿಲ್ಲ.

ಅವರು ಸೆರಗಿನಿಂದ ಮುಖ ಒರೆಸಿಕೊಂಡು ಕಡೆಗೆ ಹೇಳಿದ ಮಾತೂ ಅದರಲ್ಲಿದೆ: “ಇಷ್ಟು ವರ್ಷಕ್ಕೆ ಇವತ್ತೇ ಕಣೋ, ನಾನು ಬರೀ ಹಾಡಿದ್ದು.”