ಬಾಣಂತಿಗೆ ಚಿಗರಿ ತೋರಿಸಿದ ದಿನ

ಹೆರಿಗೆಯಾದ ಹದಿನೆಂಟನೆಯ ದಿನ ನನ್ನ ಗಂಡ ನನ್ನನ್ನು ಚಿಗರಿ, ಅಂದರೆ ಕೃಷ್ಣಮೃಗ, ನೋಡಲು ಕರೆದುಕೊಂಡು ಹೋದರು. ದಿನ ತುಂಬುವ ಮೊದಲೇ ಹುಟ್ಟಿದ ಮಗಳು ಕೊಪ್ಪಳದ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದಳು. ನಾನು ಮನೆಗೆ ಬಂದಿದ್ದೆ. ಒಂದು ಸಲವೂ ಅವಳ ಮುಖ ನೋಡಿರಲಿಲ್ಲ. ಹಾಲು ಹಿಂಡಿ ಕಳಿಸುತ್ತಿದ್ದೆ, ಅಷ್ಟೇ. ಅಳುವೂ ಬರುತ್ತಿರಲಿಲ್ಲ. ಬಂದಿದ್ದರೆ ಮನೆಯವರಿಗಾದರೂ ಸಮಾಧಾನವಾಗುತ್ತಿತ್ತೇನೋ.

"ಬಾಣಂತಿನ್ನ ಅಡವ್ಯಾಗ ಅಡ್ಡ್ಯಾಡಿಸ್ತೀಯೇನಲೇ? ತಲಿ ಕೆಟ್ಟೈತೇನು ನಿನಗ?" ಎಂದು ಅತ್ತೆ ಮಗನಿಗೆ ಬೈದರು. ಬೈಯುತ್ತಲೇ ನನ್ನ ಕಿವಿಗೆ ಅರಳೆ ತುರುಕಿ, ಸ್ಕಾರ್ಫ್ ಬಿಗಿದು ಕಟ್ಟಿ, ಕಾರಿನ ಗಾಜು ಇಳಿಸುವುದಿಲ್ಲವೆಂದು ಆಣೆ ಮಾಡಿಸಿಕೊಂಡರು. ಒಂದಿಷ್ಟು ಗಾಳಿ ಕುಡಿಯಲಿ ಎಂದು ಹೊರಡಿಸಿದವಳನ್ನು ಗಂಡ ಗಾಳಿ ತಾಗದಂತೆ ಕೂರಿಸಿಕೊಂಡು ಹೊರಟರು. ಎಂಥ ಚೆಂದ!

ಕುಕನೂರು ದಾಟಿ ಯಲಬುರ್ಗಾ ಕಡೆ ಹೊರಳಿದೆವು. ಕಪ್ಪು ಎರೆಮಣ್ಣಿನ ಹೊಲಗಳಲ್ಲಿ ಬಿಳಿಜೋಳ ತೆನೆ ಹಿಡಿದಿತ್ತು. ಬದುವಿನ ಮೇಲೆ ಎರಡು ನವಿಲು. "ಅಲ್ನೋಡು" ಎಂದರು. ನೋಡಿದೆ. ಮುಂದೆ ಕಡಲೆ ಹೊಲದಲ್ಲಿ ಚಿಗರಿ ಹಿಂಡು ನಿಂತಿತ್ತು. ತಿರುಚಿದ ಕೊಂಬಿನ ಕಪ್ಪು ಗಂಡು ತಲೆಯೆತ್ತಿತು. ಮರುಕ್ಷಣ ಅಷ್ಟೂ ಚಿಗರಿಗಳು ಚಂಗನೆ ರಸ್ತೆ ಹಾರಿ ಆಚೆ ಹೊಲಕ್ಕಿಳಿದವು. ಮದುವೆಯಾದ ಹೊಸದರಲ್ಲಿ ಇದೇ ದಾರಿಯಲ್ಲಿ ಒಂದು ಚಿಗರಿ ಕಂಡಿದ್ದಕ್ಕೆ ಬೈಕಿನಿಂದ ಇಳಿದು ಕುಣಿದವಳು ನಾನು. ಈಗ ಕ್ಯಾಲೆಂಡರಿನ ಚಿತ್ರ ನೋಡಿದಷ್ಟೇ ಆಯಿತು.

"ಛಲೋ ಅದಾವಲ್ಲ?" ಎಂದರು ಗಂಡ.

"ಹ್ಞೂಂ, ಅದಾವ್ರಿ" ಎಂದೆ. ಪಾಪ, ಅವರಾದರೂ ಏನು ಮಾಡಿಯಾರು?

ಒಂದು ಕಡೆ ಕುರಿಗಳು ರಸ್ತೆಗೆ ಅಡ್ಡ ಬಂದವು. ಕಾರು ನಿಂತಿತು. ಜಾಲಿ ಮರದ ಕೆಳಗೆ ಕುರಿ ಕಾಯುವ ಹೆಂಗಸೊಬ್ಬಳು ಒಂದು ಕುರಿಯನ್ನು ಮೊಣಕಾಲಲ್ಲಿ ಒತ್ತಿಹಿಡಿದು, ಅದರ ಕೆಚ್ಚಲಿಗೆ ಮರಿಯ ಬಾಯಿ ಹಚ್ಚುತ್ತಿದ್ದಳು. ಕುರಿ ಕೊಸರಾಡುತ್ತಿತ್ತು. ನಾನು ಬಾಗಿಲು ತೆಗೆದು ಇಳಿದೆ. ಗಂಡ ಹಿಂದೆಯೇ ಬಂದರು. ನನ್ನ ಸ್ಕಾರ್ಫ್ ನೋಡಿ ಅವಳು ಹುಬ್ಬೇರಿಸಿದಳು.

"ಬಾಣಂತಿ ಇದ್ದಂಗ ಐತಿ! ಕೂಸೆಲ್ಲೈತವ್ವಾ?"

"ದವಾಖಾನ್ಯಾಗೈತಿ."

"ಗಂಡೋ, ಹೆಣ್ಣೋ?"

"ಹೆಣ್ಣು."

"ಯಾರಂಗೈತಿ?"

ನಾನು ಗಂಡನ ಕಡೆ ನೋಡಿದೆ. ಅವರು ಬೇರೆ ಕಡೆ ಮುಖ ಮಾಡಿದರು. ಆ ಹೆಂಗಸು ಮತ್ತೆ ಕುರಿಯ ಕಡೆ ತಿರುಗಿದಳು.

"ಇದಕ್ಕೇನಾಗೈತಿ?" ಎಂದು ನಾನೇ ಕುರಿ ತೋರಿಸಿ ಕೇಳಿದೆ.

"ಚೊಚ್ಚಲ ಐತಿ. ಮರೀನ ಒಲ್ಲೆ ಅಂತೈತಿ, ಒದೀತೈತಿ. ನಾಕು ದಿನ ಹಿಂಗ ಹಿಡಕೊಂಡು ಕುಡಿಸಿದ್ರ ಸರಿಹೋಗ್ತೈತಿ."

"ಹೋಗಲಿಲ್ಲಂದ್ರ?"

"ಮತ್ತ ನಾಕು ದಿನ ಹಿಡೀತೀನಿ" ಎಂದಳು. ಕುರಿಯ ಮೇಲೆ ಅವಳಿಗೆ ಸಿಟ್ಟೇನೂ ಇರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು, ಆ ಕುರಿಯ ಮೇಲೆ. ಎಷ್ಟೋ ದಿನಗಳ ಮೇಲೆ ಮನಸ್ಸಿಗೆ ಏನೋ ಒಂದು ಆಗಿತ್ತು.

ಕಾರು ಹತ್ತಿದ ಮೇಲೆ ಗಂಡ, "ಹಂಗ ಕುಷ್ಟಗಿ ಮಟಾ ಹೋಗಿ ಬರೋಣೇನು?" ಎಂದರು.

"ಬ್ಯಾಡ್ರಿ. ದವಾಖಾನಿಗೆ ನಡೀರಿ."

ಅವರು ಕಾರು ತಿರುಗಿಸಿದರು. ಕೊಪ್ಪಳದವರೆಗೂ ದಾರಿಯಲ್ಲಿ ಯಾವ ಹಕ್ಕಿಯನ್ನೂ ತೋರಿಸಲಿಲ್ಲ.

ಮಗಳು ಒಂದು ಮೊಳಕ್ಕೂ ಕಡಿಮೆ ಉದ್ದವಿದ್ದಳು. ಮೂಗಿಗೆ ನಳಿಗೆ. ಕಣ್ಣು ಮುಚ್ಚಿತ್ತು. ಬಹಳ ಹೊತ್ತು ನೋಡಿದೆ. ಯಾರ ಹಾಗಿದ್ದಾಳೆಂದು ತಿಳಿಯಲಿಲ್ಲ. ಎದೆಯಲ್ಲಿ ಏನೂ ಉಕ್ಕಲಿಲ್ಲ, ಸುಳ್ಳೇಕೆ ಹೇಳಲಿ?

ಹೊರಡುವಾಗ ನರ್ಸಿಗೆ ಕೇಳಿದೆ: "ನಾಳಿ ಎಷ್ಟೊತ್ತಿಗೆ ಒಳಗ ಬಿಡ್ತೀರಿ?"

"ತಾಯಿಗೆ ಇಂಥಾ ಟೈಮ್ ಅಂತ ಇಲ್ರಿ ಅಕ್ಕಾರ" ಎಂದಳು ಆಕೆ. "ಮೊದಲನೇ ದಿನದಿಂದ ನಿಮಗ ಬಾಗಲಾ ತಗದ ಐತಿ."