ಅರವತ್ತೊಂದು ಅರವತ್ತೈದಾದ ಡಾಲರ್

ಲಾಕ್‌ಡೌನ್ ಸಡಿಲವಾದ ಮೇಲೆ ತಿಂಗಳಿಗೊಂದು ಶನಿವಾರ ಸ್ಯಾನ್ ಡಿಯಾಗೋದಿಂದ ಕಾರಿನಲ್ಲಿ ಎರಡು ಗಂಟೆ ದೂರದ ಸೆರಿಟೋಸ್‌ಗೆ ಹೋಗಿಬರುವುದು ನನಗೆ ಅಭ್ಯಾಸವಾಯಿತು. ಅಲ್ಲಿ ಮೈಸೂರಿನ ಒಬ್ಬ ಹಿರಿಯರಿದ್ದರು. ವಾಚ್ ರಿಪೇರಿ ಅಂಗಡಿ ಮುಚ್ಚಿ ಮಗಳ ಮನೆಯಲ್ಲಿದ್ದರು. ನನಗೆ ಅವರು ಭಾಯ್, ಅವರಿಗೆ ನಾನು ಸ್ವಾಮಿ. ಇಬ್ಬರಿಗೂ ಅಮೆರಿಕದ ಹಳೆಯ ಬೆಳ್ಳಿ ಡಾಲರ್‌ಗಳ ಹುಚ್ಚು.

ಒಂದೇ ನಾಣ್ಯವನ್ನು ಇಬ್ಬರೂ ಟೇಬಲ್ ಲ್ಯಾಂಪಿನ ಕೆಳಗೆ ಓರೆ ಮಾಡಿ ನೋಡಿ, ಪರಸ್ಪರ ತೋರಿಸದೆ ಚೀಟಿಯಲ್ಲಿ ಎಪ್ಪತ್ತಕ್ಕೆ ಇಷ್ಟು ಎಂದು ಗ್ರೇಡ್ ಬರೆಯುತ್ತಿದ್ದೆವು. ಎಪ್ಪತ್ತು ಅಂದರೆ ಒಂದು ಕಲೆಯೂ ಇಲ್ಲ. ಅರವತ್ತರಿಂದ ಮೇಲೆ ಯಾವುದಾದರೂ ಅದು ಚಲಾವಣೆಯಲ್ಲಿ ಸವೆದದ್ದಲ್ಲ. ಅಲ್ಲಿಂದಾಚೆಗೆ ಗೀರು ಎಷ್ಟು, ಹೊಳಪು ಎಷ್ಟು ಎಂಬುದೇ ಪ್ರಶ್ನೆ. ನಾಣ್ಯದ ಮೇಲಿನ ಹೆಂಗಸಿನ ಕೆನ್ನೆಯನ್ನು ಮೊದಲು ನೋಡಬೇಕು, ಗೀರು ಅಡಗಿಕೊಳ್ಳಲು ಅಲ್ಲಿ ಜಾಗವಿಲ್ಲ ಎಂದು ಕಲಿಸಿದವರು ಭಾಯ್. ನಮ್ಮ ಚೀಟಿಗಳ ನಡುವೆ ಒಂದು ಅಂಕಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತಿರಲಿಲ್ಲ.

ಮೂರನೆಯ ವರ್ಷ ವ್ಯತ್ಯಾಸ ಬರತೊಡಗಿತು. ನನ್ನ ಅಂಕವೇ ಯಾವಾಗಲೂ ಜಾಸ್ತಿ.

"ಏನ್ ಸ್ವಾಮಿ, ಎಲ್ಲಾರ್ನೂ ಪಾಸ್ ಮಾಡ್ತಿದ್ದೀರಲ್ಲ?" ಎಂದರು.

"ನೀವೇ ಯಾಕೋ ಬಿಗಿಯಾಗಿದ್ದೀರಾ ಭಾಯ್," ಎಂದೆ. ಒಳಗೊಳಗೇ ಸಿಟ್ಟು ಬಂದಿತ್ತು.

ಮುಂದಿನ ತಿಂಗಳು ಅವರು ತಮ್ಮ ಡಬ್ಬಿಯಿಂದ ಒಂದು ಡಾಲರ್ ತೆಗೆದುಕೊಟ್ಟರು. ತಿರುಗಿಸಿ ತಿರುಗಿಸಿ ನೋಡಿ ಅರವತ್ತೈದು ಎಂದು ಬರೆದೆ. ಭಾಯ್ ತಮ್ಮ ಚೀಟಿಯ ಬದಲು ಮೊದಲ ವರ್ಷದ ಒಂದು ಹಳೆಯ ಚೀಟಿಯನ್ನು ಮುಂದಿಟ್ಟರು. ಅದೇ ನಾಣ್ಯ, ನನ್ನದೇ ಕೈಬರಹ: ಅರವತ್ತೊಂದು.

"ಅವತ್ತಿಂದ ಈ ನಾಣ್ಯ ಡಬ್ಬಿಯಿಂದ ಆಚೆ ಬಂದಿಲ್ಲ. ಕಣ್ಣು ತೋರಿಸ್ಕೊಳ್ಳಿ," ಎಂದರು. ನಗಲಿಲ್ಲ.

ಅವಮಾನವಾದಂತಾಗಿ ಬೇಗ ಹೊರಟುಬಿಟ್ಟೆ. ಸಂಜೆ ಫ್ರೀವೇಯಲ್ಲಿ ಎದುರಿನ ಗಾಡಿಗಳ ದೀಪಗಳು ಹತ್ತಿಯಂತೆ ಹರಡಿಕೊಂಡು ಕಾಣುತ್ತಿದ್ದವು. ಎಷ್ಟೋ ತಿಂಗಳಿಂದ ಹಾಗೇ ಕಾಣುತ್ತಿತ್ತು. ಕಾರಿನ ಗಾಜಿನ ಧೂಳೆಂದುಕೊಂಡು ಮತ್ತೆ ಮತ್ತೆ ಒರೆಸುತ್ತಿದ್ದೆ.

ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು ಡಾಕ್ಟರ್. ಇಷ್ಟು ದಿನ ಹೇಗೆ ಡ್ರೈವ್ ಮಾಡಿದಿರಿ ಎಂದು ಕೇಳಿದರು. ಹೆಂಡತಿ ಆ ದಿನವೇ ಕಾರಿನ ಕೀ ತೆಗೆದಿಟ್ಟುಕೊಂಡಳು.

ಎರಡನೆಯ ಕಣ್ಣಿನ ಆಪರೇಷನ್ ಆಗಿ ಕೆಲವು ವಾರ ಕಳೆದ ಮೇಲೆ ನನ್ನ ಆಲ್ಬಮ್ ತೆರೆದು ಕೂತೆ. ನಿಷ್ಕಳಂಕ ಎಂದು ಮೆರೆಸಿದ್ದ ಕೆನ್ನೆಗಳ ಮೇಲೆಲ್ಲ ಕೂದಲೆಳೆಯಂಥ ಗೀರುಗಳು. ಒಂದೊಂದೇ ಚೀಟಿಯ ಅಂಕ ಹೊಡೆದುಹಾಕಿ ಕೆಳಗಿನ ಅಂಕ ಬರೆದೆ. ಮಧ್ಯಾಹ್ನದ ತನಕ ಅದೇ ಕೆಲಸ.

ಒಂದೇ ಒಂದು ನಾಣ್ಯ ಮೇಲೇರಿತು. ಹಳದಿಗಟ್ಟಿ ಮಂಕಾಗಿದೆಯೆಂದು ಕೊನೆಯ ಪುಟಕ್ಕೆ ಸರಿಸಿದ್ದೆ. ಹಳದಿ ಇದ್ದದ್ದು ನನ್ನ ಕಣ್ಣಿನಲ್ಲಿ. ಅದು ಹಾಲಿನಷ್ಟು ಬೆಳ್ಳಗಿತ್ತು. ಭಾಯ್‌ಗೆ ಫೋನ್ ಮಾಡಿ ಹೇಳಿದೆ.

"ತಗೊಂಡ್ ಬನ್ನಿ ನೋಡೋಣ," ಎಂದರು. "ಈ ಸಲ ನಿಮ್ಮ ಮನೆಯವ್ರು ಡ್ರೈವ್ ಮಾಡ್ಲಿ."