ಗೋಡೆಯಾಚೆಯ ಟರ್ಕಿ ಕೋಳಿ

ಡಾಕ್ಟರ್ ಅಂಕಲ್ ಒಂದು ಕಡೆ ಕೂತರೆಂದರೆ ಕಣ್ಣುಗುಡ್ಡೆ ಬಿಟ್ಟು ಮೈಯಲ್ಲಿ ಬೇರೇನೂ ಅಲುಗಾಡುತ್ತಿರಲಿಲ್ಲ. ಒಮ್ಮೆ ರಾಬಿನ್ ಹಕ್ಕಿಯೊಂದು ಅವರ ಬೂಟಿನ ತುದಿಗೆ ಬಂದು ಕೂತು, ಬಾಲ ಕುಣಿಸಿ, ಬೂಟಿನ ಮೇಲೇ ತನ್ನ ಕೆಲಸ ಮುಗಿಸಿ ಹಾರಿಹೋದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ನಾನೋ, ಕಾಲಿಗೆ ಚಕ್ರ ಕಟ್ಟಿಕೊಂಡವಳು.

ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ ನಮ್ಮ ಮನೆ ದಾಟಿ ಮೂರನೆಯದು ಅವರ ಮನೆ. ಕೊಡಗಿನವರು. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರಾಗಿದ್ದು ನಿವೃತ್ತರಾಗಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಭಾನುವಾರ ನಮ್ಮಲ್ಲಿಗೆ ಬಂದು, "ನಿಮ್ಮನೆ ಕಾಫಿ ಬಂಗಾರ, ಅಡುಗೆ ಮಾತ್ರ ಬರೀ ಹುಲ್ಲು" ಎಂದು ರೇಗಿಸುತ್ತಲೇ ಎರಡನೇ ಸಲ ಪಲ್ಯ ಬಡಿಸಿಕೊಳ್ಳುತ್ತಿದ್ದರು. ಬೇಟೆಯೆಂದರೆ ಪ್ರಾಣ. ಆದರೆ ಕಣ್ಣು ಮಂಜಾಗತೊಡಗಿದಾಗ ಯಾರೂ ಹೇಳುವ ಮುಂಚೆಯೇ ಬಂದೂಕನ್ನು ಪೊಲೀಸರಿಗೆ ಒಪ್ಪಿಸಿ ಬಂದಿದ್ದರು.

ಆ ವರ್ಷ ಈಸ್ಟರ್ ರಜೆಗೆ ನನ್ನ ಮಗಳು ಮನೆಗೆ ಬರಲಿಲ್ಲ. ನಾನೊಬ್ಬಳೇ ಬೆಳೆಸಿದ ಒಬ್ಬಳೇ ಮಗಳು. ಬರ್ಮಿಂಗ್‌ಹ್ಯಾಮ್‌ನ ಎಜ್‌ಬಾಸ್ಟನ್‌ನಲ್ಲಿ ಮೊದಲ ವರ್ಷದ ಓದು. ಫೋನ್ ಮಾಡಿದರೆ ಎತ್ತುತ್ತಿದ್ದಳು. "ಐ ಆಮ್ ಫೈನ್ ಅಮ್ಮಾ, ಜಸ್ಟ್ ಬಿಜಿ" ಎನ್ನುತ್ತಿದ್ದಳು. ದನಿಯಲ್ಲಿ ಏನೋ ಕಮ್ಮಿಯಿತ್ತು. ಹೋಗಿ ನೋಡೋಣವೆಂದರೆ, ದೊಡ್ಡವಳಾಗಿದ್ದಾಳೆ, ಸಿಡುಕಿ ಇನ್ನೂ ದೂರವಾದರೆ? ಸುಮ್ಮನಿರೋಣವೆಂದರೆ ಕೈ ಮತ್ತೆ ಫೋನಿಗೇ ಹೋಗುತ್ತಿತ್ತು.

ಅದೇ ವಾರ ಊರಾಚೆಯ ರೈತನೊಬ್ಬ ಅಂಕಲ್ ಬಳಿ ಬಂದಿದ್ದ. ಕ್ರಿಸ್‌ಮಸ್‌ಗೆ ಮುಂಚೆ ಅವನ ಟರ್ಕಿ ಹುಂಜವೊಂದು ತಪ್ಪಿಸಿಕೊಂಡು ಕಾಡು ಸೇರಿ, ಚಳಿಗಾಲವನ್ನೂ ನರಿಗಳನ್ನೂ ಗೆದ್ದು, ಪೂರಾ ಕಾಡುಕೋಳಿಯೇ ಆಗಿಬಿಟ್ಟಿತ್ತಂತೆ. ಹಿಡಿದವರಿಗೇ ಅದು ಎಂದನಂತೆ. ಅಂಕಲ್ ನನ್ನ ಬಾಗಿಲು ತಟ್ಟಿದರು. "ಬಾ ಮಾರಾಯ್ತಿ, ಫೋನ್ ನೋಡ್ಕೊಂಡು ಕೂತು ಸಾಯ್ಬೇಡ. ನಂಗೆ ನಿನ್ನ ಕಣ್ಣು ಬೇಕು."

ಬೆಳಗಿನ ಹೊತ್ತು. ದೊಡ್ಡ ಓಕ್ ಮರಕ್ಕೆ ಬೆನ್ನು ಕೊಟ್ಟು ಕೂತೆವು. ಅಂಕಲ್ ಗಂಟಲಿನಿಂದಲೇ ಹೇಂಟೆಯ ದನಿ ತೆಗೆದರು. ದೂರದಿಂದ ಗುಳುಗುಳುಗುಳು ಎಂದು ಉತ್ತರ ಬಂತು! ನಾನು ಎದ್ದೇಬಿಟ್ಟೆ. ಅವರು ಕೋಟಿನ ತುದಿ ಹಿಡಿದೆಳೆದು ಕೂರಿಸಿದರು.

"ಬರೋದಕ್ಕೆ ಎದುರು ಹೋಗಿ ಓಡಿಸ್ತೀಯಾ? ಕೂತ್ಕೊ."

ಕೂತೆ. ಅವರು ಕರೆದರು, ಅದು ಓಗೊಟ್ಟಿತು. ಮತ್ತೆ ಕರೆದರು, ಮತ್ತೆ ಓಗೊಟ್ಟಿತು. ನನ್ನ ಕಾಲು ಜೋಮು ಹಿಡಿಯಿತು, ಕೋಳಿಯ ಸುಳಿವಿಲ್ಲ. ಬಾಯಿ ಮುಚ್ಚಿಕೊಂಡಿರಲಾರದೆ ಮಗಳ ವಿಷಯವನ್ನೆಲ್ಲ ಪಿಸುಗುಟ್ಟಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ. ಇದ್ದಕ್ಕಿದ್ದಂತೆ "ಏಳು" ಎಂದರು.

"ಈಗ್ತಾನೆ ಕೂತ್ಕೊ ಅಂದ್ರಿ!"

"ಬರೋದಾಗಿದ್ರೆ ದನಿ ಹತ್ತಿರ ಆಗ್ತಿತ್ತು. ಅಲ್ಲೇ ನಿಂತು ಕೂಗ್ತಾ ಉಂಟು. ಬರೋಕೆ ಮನಸ್ಸುಂಟು ಅದಕ್ಕೆ, ನಡುವೆ ಎಂತದೋ ಅಡ್ಡ ಉಂಟು. ಈಗ ನಾವೇ ಹೋಗ್ಬೇಕು. ನೇರ ಅಲ್ಲ, ಸುತ್ತು ಹಾಕಿ."

ಸುತ್ತಿ ಹೋದರೆ ನಿಜವೇ: ಸೊಂಟದೆತ್ತರದ ಕಲ್ಲುಗೋಡೆ, ಅದರ ಮೇಲೆ ತಂತಿ. ಆಚೆಗೆ ಹುಂಜ ಗೋಡೆಯುದ್ದಕ್ಕೂ ಅತ್ತಿಂದಿತ್ತ ಅಲೆಯುತ್ತಿತ್ತು. ಹಾರಬಹುದಿತ್ತು, ಪಾಪ, ಅದಕ್ಕೆ ತೋಚಿರಲಿಲ್ಲ. ಗೋಡೆ ಬಳಸಿ ಅದರ ಕಡೆಗೇ ಹೋಗಿ, ಪೊದೆಯ ಹಿಂದೆ ಕೂತು ಅಂಕಲ್ ಒಮ್ಮೆ ಕರೆದದ್ದೇ ತಡ, ಗರಿ ಬಿಚ್ಚಿಕೊಂಡು ಮದುಮಗನ ಹಾಗೆ ಬಂತು. ಅಂಕಲ್ ಅದರ ಮೇಲೆ ತಮ್ಮ ಕೋಟು ಎಸೆದರು. ಕೋಟು ಹೊದ್ದುಕೊಂಡೇ ಅದು ಓಡಿ, ಕೋಟನ್ನು ಕೆಸರಲ್ಲಿ ಕೆಡವಿ, ಮರಗಳ ನಡುವೆ ಮಾಯವಾಯಿತು. ನಾನು ಬಿದ್ದು ಬಿದ್ದು ನಕ್ಕೆ. ನಗುತ್ತಾ ನಗುತ್ತಾ ಅಳು ಬಂತು, ಬಂದದ್ದು ನಿಲ್ಲಲಿಲ್ಲ.

ಅಂಕಲ್ ಕೋಟಿನ ಕೆಸರು ಕೊಡವುತ್ತಾ, "ನಾಳೆ ರೈಲಿಗೆ ಹೋಗು" ಎಂದರು. "ಪರೀಕ್ಷೆ ಗಿರೀಕ್ಷೆ ಅಂತ ಬಾಯಿ ಬಿಡ್ಬೇಡ. ಸಾರು ಅನ್ನ ಕಟ್ಕೊಂಡು ಹೋಗು."

ಹೋದೆ. ಮಗಳ ಕೋಣೆಯ ಪರದೆ ಹಗಲಲ್ಲೇ ಮುಚ್ಚಿತ್ತು. ವಾರಗಟ್ಟಲೆ ಅವಳು ತರಗತಿಗೆ ಹೋಗಿರಲಿಲ್ಲ, ಸರಿಯಾಗಿ ಉಂಡಿರಲಿಲ್ಲ, ಮಲಗಿರಲಿಲ್ಲ. ನಾನು ಪರೀಕ್ಷೆಯ ಮಾತೆತ್ತದೆ ಡಬ್ಬಿ ಬಿಚ್ಚಿದೆ. ಸಾರನ್ನದ ಎರಡು ತುತ್ತು ಇಳಿದ ಮೇಲೆ ಅವಳೇ, "ಮನೆಗೆ ಹೇಗೆ ಬರೋದು ಅಂತಾನೇ ಗೊತ್ತಾಗ್ಲಿಲ್ಲ ಅಮ್ಮಾ" ಎಂದಳು. ಎಲ್ಲಕ್ಕೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ಅದನ್ನು ಕನ್ನಡದಲ್ಲೇ ಹೇಳಿದಳು. ನಾನು ಇನ್ನೊಂದಷ್ಟು ದಿನ ಫೋನಿನ ಮುಂದೆ ಕೂತಿದ್ದರೆ ಏನಾಗುತ್ತಿತ್ತೋ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಮನೆಗೆ ಕರೆತಂದು ನಮ್ಮ ಜಿಪಿ ಡಾಕ್ಟರಿಗೆ ತೋರಿಸಿದೆ. ಒಂದು ವರ್ಷ ನನ್ನ ಜೊತೆಗಿದ್ದು, ಚೇತರಿಸಿಕೊಂಡು ಮತ್ತೆ ಓದಲು ಹೋದಳು. ಆ ವರ್ಷ ಸಂಜೆಗಳಲ್ಲಿ ಅವಳೂ ಅಂಕಲ್ಲೂ ಹಿತ್ತಿಲಲ್ಲಿ ಕೂತಿರುತ್ತಿದ್ದರು. ಏನು ಮಾತಾಡುತ್ತಿದ್ದರೋ ನನಗೆ ಹೇಳಲಿಲ್ಲ.

ನಾನು ಥ್ಯಾಂಕ್ಸ್ ಹೇಳಲು ಹೋದಾಗಲೆಲ್ಲ ಅಂಕಲ್, "ಕೋಳಿ ತಪ್ಪಿಸ್ಕೊಂಡ್ತಲ್ಲ, ಎಂತ ಥ್ಯಾಂಕ್ಸ್?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಕಳೆದ ಚಳಿಗಾಲ ಅವರು ನಿದ್ದೆಯಲ್ಲೇ ಹೋದರು. ಚಿತಾಗಾರದಲ್ಲಿ ಮುಂದಿನ ಸಾಲು ಮನೆಯವರಿಗೆ ಎಂದರು ಅಲ್ಲಿಯವರು. ಅವರ ಮನೆಯವರೆಂದು ಆ ಊರಲ್ಲಿ ಯಾರಿದ್ದರು? ಕನ್ನಡದವರೆಲ್ಲ ಸಂಕೋಚದಿಂದ ಹಿಂದೆ ನಿಂತಿದ್ದೆವು, ಮುಂದಿನ ಸಾಲು ಖಾಲಿಯೇ ಉಳಿದಿತ್ತು. ಬರ್ಮಿಂಗ್‌ಹ್ಯಾಮ್‌ನಿಂದ ಬೆಳಗಿನ ರೈಲಿಗೆ ಬಂದ ಮಗಳು ಒಮ್ಮೆ ಆ ಖಾಲಿ ಕುರ್ಚಿಗಳನ್ನು ನೋಡಿದಳು. ಆಮೇಲೆ ನನ್ನ ಕೈ ಹಿಡಿದು, ಎಲ್ಲರ ನಡುವೆ ದಾರಿ ಮಾಡಿಕೊಂಡು ಹೋಗಿ, ಮುಂದಿನ ಸಾಲಿನಲ್ಲಿ ಕೂತಳು.